ಮೊದಲು ನುಡಿಯಬೇಕಾದವನ ಸಂಕಟ

1876ನೆಯ ಇಸವಿ, ಆಗಸ್ಟ್ 2ನೆಯ ತಾರೀಖು. ಅಮೆರಿಕದ ಡಕೋಟ ಪ್ರಾಂತದಲ್ಲಿ, ಚಿನ್ನದ ಆಸೆಗೆ ಮುಗಿಬಿದ್ದ ಜನ ಕಟ್ಟಿಕೊಂಡಿದ್ದ ಡೆಡ್‌ವುಡ್ ಎಂಬ ಊರು. ಅಲ್ಲಿನ ಒಂದು ಮದ್ಯದಂಗಡಿಯಲ್ಲಿ ಕೆಲವರು ಪೋಕರ್ ಆಟಕ್ಕೆ ಕುಳಿತಿದ್ದರು. ಅವರಲ್ಲೊಬ್ಬನು ವೈಲ್ಡ್ ಬಿಲ್ ಹಿಕಾಕ್. ಪಿಸ್ತೂಲಿನ ಗುರಿಗೆ ಹೆಸರಾದವನು; ಆದ್ದರಿಂದಲೇ ಶತ್ರುಗಳನ್ನೂ ಸಂಪಾದಿಸಿಕೊಂಡಿದ್ದವನು. ಬೆನ್ನನ್ನು ಗೋಡೆಗೆ ಕೊಟ್ಟು, ಬಾಗಿಲು ಕಣ್ಣಿಗೆ ಬೀಳುವಂತೆ ಕೂರುವುದು ಅವನ ವಾಡಿಕೆ. ಅಂದು ಅವನು ಬರುವ ವೇಳೆಗೆ ಗೋಡೆಯ ಕಡೆಯ ಕುರ್ಚಿಯಲ್ಲಿ ಬೇರೊಬ್ಬನು ಕುಳಿತುಬಿಟ್ಟಿದ್ದನು. ಕುರ್ಚಿ ಬದಲಿಸಿಕೊಳ್ಳೋಣವೆಂದು ಹಿಕಾಕ್ ಕೇಳಿದನು, ಅವನು ಏಳಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕುಳಿತು ಆಡುತ್ತಿದ್ದ ಹಿಕಾಕನನ್ನು ಜಾಕ್ ಮೆಕಾಲ್ ಎಂಬವನು ಹಿಂದಿನಿಂದ ಬಂದು ಗುಂಡಿಟ್ಟು ಕೊಂದನು. ಸಾಯುವಾಗ ಅವನ ಕೈಯಲ್ಲಿ ಎರಡು ಕರಿಯ ಎಕ್ಕಗಳೂ ಎರಡು ಕರಿಯ ಎಂಟುಗಳೂ ಇದ್ದುವೆಂದು ಪ್ರತೀತಿ. ಇಂದಿಗೂ ಆ ಎಲೆಗಳಿಗೆ ಸತ್ತವನ ಕೈ ಎಂಬ ಹೆಸರು ಉಳಿದುಬಂದಿದೆ.

ಹಿಕಾಕನ ಪಾಲಿಗೆ ಕುರ್ಚಿಯೆಂಬುದು ಪ್ರಾಣದ ಪ್ರಶ್ನೆಯಾಯಿತು. ಇಂದಿನ ಪೋಕರಿನಲ್ಲಿ ಬಾಗಿಲಿನ ಭಯವಿಲ್ಲ. ಆದರೂ ಯಾವ ಕುರ್ಚಿಯಲ್ಲಿ ಕುಳಿತಿದ್ದೇವೆ, ನಮ್ಮ ಸರದಿ ಮೊದಲೋ ಕೊನೆಯೋ ಎಂಬುದು ಎಷ್ಟೋ ಸಲ ಕೈಯಲ್ಲಿರುವ ಎಲೆಗಿಂತ ಮಿಗಿಲಾಗಿ ಗೆಲವನ್ನು ನಿರ್ಣಯಿಸುತ್ತದೆ. ಇಪ್ಪತ್ತೆಂಟನ್ನೂ ರಮ್ಮಿಯನ್ನೂ ಆಡಿ ಬಲ್ಲ ನಮ್ಮ ಓದುಗರಿಗೆ ಸರದಿಯ ಮಹತ್ವ ತೀರ ಹೊಸದಲ್ಲ. ಆದರೆ ಅದೊಂದನ್ನೇ ಹಿಡಿದು ಮನುಷ್ಯನನ್ನು ಇಷ್ಟು ಹಿಂಸಿಸುವ ಆಟ ಮತ್ತೊಂದನ್ನು ನಾನು ಕಾಣೆ.

ಆಟದ ಕ್ರಮವನ್ನು ಮೊದಲು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಈಗ ಲೋಕದ ತುಂಬ ಹಬ್ಬಿರುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆ. ಟೆಕ್ಸಾಸಿನ ರಾಬ್ಸ್‌ಟೌನ್ ಎಂಬ ಊರು ಇದರ ತವರೆಂದು ಆ ರಾಜ್ಯದ ಶಾಸನಸಭೆಯೇ 2007ರಲ್ಲಿ ಮನ್ನಣೆ ಕೊಟ್ಟಿದೆ. ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡೆರಡು ಎಲೆ. ಅನಂತರ ಮೇಜಿನ ನಡುವೆ ಎಲ್ಲರಿಗೂ ಸೇರಿದಂತೆ ಮೊದಲು ಮೂರು, ಆಮೇಲೆ ಒಂದು, ಕಡೆಗೆ ಇನ್ನೊಂದು, ಹೀಗೆ ಐದು ಎಲೆಗಳನ್ನು ಬಿಚ್ಚಿಡುತ್ತಾರೆ. ಕೈಯ ಎರಡು, ಮೇಜಿನ ಐದು, ಈ ಏಳರಲ್ಲಿ ಯಾರ ಐದು ಉತ್ತಮವೋ ಅವರಿಗೆ ನಡುವಿನ ರಾಶಿ. ಎಲೆ ಹಂಚಿದೊಡನೆ ಒಂದು ಸುತ್ತು, ಮೇಜಿನ ಮೇಲೆ ಎಲೆ ಬಿದ್ದಾಗಲೆಲ್ಲ ಒಂದೊಂದು ಸುತ್ತು, ಒಟ್ಟು ನಾಲ್ಕು ಸುತ್ತು ಪಣ ನಡೆಯುತ್ತದೆ. ಸರದಿ ಬಂದವನು ಪಣ ಕಟ್ಟಬಹುದು, ಬೇರೆಯವರು ಕಟ್ಟಿದ್ದನ್ನು ಸರಿಗಟ್ಟಬಹುದು, ಏರಿಸಬಹುದು, ಇಲ್ಲವೆ ಎಲೆ ಚೆಲ್ಲಿ ಎದ್ದುಬಿಡಬಹುದು. ಯಾರೂ ಕಟ್ಟದಿದ್ದರೆ ಸುಮ್ಮನೆ ಮುಂದಿನವನಿಗೆ ಸರದಿ ದಾಟಿಸಬಹುದು. ಎದುರಾಳಿಗಳೆಲ್ಲ ಎಲೆ ಚೆಲ್ಲಿದರೆ ಉಳಿದವನು ತನ್ನ ಎಲೆ ತೋರಿಸದೆಯೇ ರಾಶಿಯನ್ನು ಬಾಚಿಕೊಳ್ಳುತ್ತಾನೆ. ಆಟದ ಸೊಗಸೂ ವಂಚನೆಯೂ ಇರುವುದು ಈ ಕೊನೆಯ ನಿಯಮದಲ್ಲಿ.

ಹಂಚುವ ಸರದಿ ಯಾರದೆಂದು ತಿಳಿಯಲು ಬಟನ್ ಎಂಬ ಒಂದು ಬಿಲ್ಲೆಯನ್ನು ಅವನ ಮುಂದಿಡುತ್ತಾರೆ. ಆಟಕ್ಕೊಮ್ಮೆ ಅದು ಎಡಕ್ಕೆ ಒಂದು ಕುರ್ಚಿ ಸರಿಯುತ್ತದೆ. ಹಿಂದೆ ಇದರ ಬದಲಿಗೆ ಜಿಂಕೆಯ ಕೊಂಬಿನ ಹಿಡಿಯುಳ್ಳ ಚೂರಿಯೊಂದನ್ನು ಇಡುತ್ತಿದ್ದರಂತೆ. ಅದರ ಹೆಸರು ಬಕ್. ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಬಕ್ಕನ್ನು ದಾಟಿಸುವುದು ಎನ್ನುವ ಮಾತು ಹುಟ್ಟಿದ್ದು ಹೀಗೆ. ಅಮೆರಿಕದ ಅಧ್ಯಕ್ಷರಾಗಿದ್ದ ಟ್ರೂಮನ್ನರು, ಬಕ್ಕು ಇಲ್ಲಿಗೆ ನಿಂತಿತು ಎಂಬ ಫಲಕವನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅವರೂ ಪೋಕರ್ ಪ್ರಿಯರೇ. ಮಾತಿನ ಮೂಲ ಅವರಿಗೆ ತಿಳಿಯದಿರಲಾರದು.

ಬಟನ್ನಿನ ಎಡಪಕ್ಕದವನೇ ನಮ್ಮ ಕಥಾನಾಯಕ. ಅವನ ಸ್ಥಾನಕ್ಕೆ ಸ್ಮಾಲ್ ಬ್ಲೈಂಡ್ ಎಂದು ಹೆಸರು. ಎಲೆಯ ಮುಖ ನೋಡುವ ಮೊದಲೇ ಕುರುಡಾಗಿ ಕಟ್ಟಬೇಕಾದ ಚಿಕ್ಕ ಪಣ. ಅವನ ಎಡಕ್ಕಿರುವವನು ಬಿಗ್ ಬ್ಲೈಂಡ್. ಅವನು ಕಟ್ಟುವುದು ಸಾಮಾನ್ಯವಾಗಿ ಚಿಕ್ಕದರ ಎರಡರಷ್ಟು. ಈ ಇಬ್ಬರೂ ಕಟ್ಟದಿದ್ದರೆ ಗೆಲ್ಲಲು ರಾಶಿಯೇ ಇರದು. ಎಲ್ಲರೂ ಎಕ್ಕದ ಜೋಡಿಗಾಗಿ ಕಾದು ಕುಳಿತಾರು. ಎಕ್ಕದ ಜೋಡಿಯಾದರೋ 221 ಕೈಗಳಿಗೆ ಸರಾಸರಿ ಒಂದು ಸಲ ಬರುವಂಥದು. ಒಂಬತ್ತು ಜನರ ಮೇಜಿನಲ್ಲಿ ಬಟನ್ ಒಂದು ಪ್ರದಕ್ಷಿಣೆ ಮುಗಿಸುವುದರೊಳಗೆ ಪ್ರತಿಯೊಬ್ಬನೂ ಒಂದು ದೊಡ್ಡ ಪಣವನ್ನೂ ಒಂದು ಚಿಕ್ಕ ಪಣವನ್ನೂ ತೆತ್ತಿರುತ್ತಾನೆ. ಕುಳಿತ ಜಾಗಕ್ಕೆ ಬಾಡಿಗೆಯೆಂದೇ ತಿಳಿಯಿರಿ.

ಬಾಡಿಗೆ ದೊಡ್ಡದಲ್ಲ, ಅದರ ಹಿಂದೆ ಬರುವ ಆಸೆ ದೊಡ್ಡದು. ಮೊದಲ ಸುತ್ತಿನಲ್ಲಿ ಚಿಕ್ಕ ಪಣದವನ ಸರದಿ ಬರುವುದು ಕೊನೆಯವನಿಗೆ ಒಂದು ಮೊದಲು. ಎಲ್ಲರ ಮಾತನ್ನೂ ಕೇಳಿ ತಾನು ನುಡಿಯುತ್ತಾನೆ. ಅರ್ಧ ಬೆಲೆಯನ್ನು ಆಗಲೇ ಕೊಟ್ಟಿದ್ದಾನೆ. ಇನ್ನರ್ಧ ಹಾಕಿದರೆ ಮೂರು ಎಲೆ ನೋಡಬಹುದು. ಸಂತೆಯಲ್ಲಿ ಮುಂಗಡ ಕೊಟ್ಟ ತಪ್ಪಿಗೆ ಕುಂಟೆತ್ತನ್ನೂ ಹೊಡೆದುಕೊಂಡು ಬರುವ ರೈತನಂತೆ, ಯಾವ ಎಲೆ ಬಂದರೂ ಬಿಡಲು ಅವನಿಗೆ ಮನಸ್ಸು ಬಾರದು. ಆದರೆ ಮೂರು ಎಲೆ ಮೇಜಿಗೆ ಬಿದ್ದೊಡನೆ ಸರದಿಯ ಕ್ರಮ ಬದಲಾಗುತ್ತದೆ. ಅಲ್ಲಿಂದ ಮುಂದೆ ಮೂರು ಸುತ್ತುಗಳಲ್ಲಿಯೂ ಮೊಟ್ಟಮೊದಲು ನುಡಿಯಬೇಕಾದವನು ಅವನೇ. ಬಟನ್ನಿನವನು ಕಡೆಯಲ್ಲಿ ಕುಳಿತು, ಎಲ್ಲರನ್ನೂ ನೋಡಿ, ನಿಧಾನವಾಗಿ ಬಾಯಿ ಬಿಡುತ್ತಾನೆ.

ಮೊದಲು ನುಡಿದರೆ ಏನು ಕೆಟ್ಟಿತು ಎಂದೀರಿ. ಲೆಕ್ಕವನ್ನು ನೋಡೋಣ. ಕೈಯಲ್ಲಿ ಜೋಡಿಯಿಲ್ಲದ ಎರಡು ಎಲೆ ಹಿಡಿದವನಿಗೆ ಮೇಜಿನ ಮೊದಲ ಮೂರೆಲೆಗಳಲ್ಲಿ ಒಂದು ಜೋಡಿಯಾದರೂ ಕೂಡಿಬರುವುದು ಸುಮಾರು ಮೂರು ಸಲಕ್ಕೆ ಒಂದು ಸಲ ಮಾತ್ರ. ಉಳಿದ ಎರಡು ಸಲ ಅವನ ಕೈ ಬರಿದು. ಎದುರಾಳಿಯ ಪಾಡೂ ಅದೇ. ಇಬ್ಬರೂ ಬರಿಗೈಯಲ್ಲಿರುವಾಗ ರಾಶಿ ಯಾರಿಗೆ? ಎದುರಾಳಿ ಅಂಜಿದ್ದಾನೆಂದು ಮೊದಲು ಕಂಡುಕೊಂಡವನಿಗೆ. ಚಿಕ್ಕ ಪಣದವನು ಸರದಿ ದಾಟಿಸಿದರೆ ತನ್ನ ಬಡತನವನ್ನು ತಾನೇ ಸಾರಿದಂತೆ. ಪಣ ಕಟ್ಟಿದರೆ ಕತ್ತಲಲ್ಲಿ ಕಲ್ಲು ಬೀರಿದಂತೆ. ಒಳ್ಳೆಯ ಎಲೆ ಬಂದರೂ ನೆಮ್ಮದಿಯಿಲ್ಲ. ಎದುರಾಳಿಯೇ ಕಟ್ಟಲಿ ಎಂದು ಸುಮ್ಮನಿದ್ದರೆ ಅವನೂ ಸುಮ್ಮನಿದ್ದು, ಪುಕ್ಕಟೆಯಾಗಿ ಮುಂದಿನ ಎಲೆ ನೋಡಿ ಬಲಗೊಳ್ಳಬಹುದು.

ನಮ್ಮ ಮನೆಯಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಹುಣಿಸೆ ಬೀಜವನ್ನು ಒಡ್ಡಿ ಈ ಆಟ ನಡೆಯುತ್ತದೆ. ಹಣ ಕಟ್ಟಿ ಅಂತರ್ಜಾಲದಲ್ಲಿ ಆಡುವ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಹುಣಿಸೆ ಬೀಜಕ್ಕೆ ಅದರ ಬಾಧೆಯಿಲ್ಲ. ಆದರೂ ಸೋಲಿನ ಉರಿ ಬೀಜದಲ್ಲಿಯೂ ಅಷ್ಟೇ ಉಂಟೆಂಬುದನ್ನು ಅನುಭವದಿಂದ ಬಲ್ಲೆ. ಒಂದು ದಿನದ ಸಂಗತಿ. ಚಿಕ್ಕ ಪಣವಾಗಿ ನಾನು ಒಂದು ಬೀಜ ಇಟ್ಟಿದ್ದೆ, ಪಕ್ಕದ ಮನೆಯವರು ಎರಡು. ಹಂಚಿದ ಮಿತ್ರರು ಆರಕ್ಕೆ ಏರಿಸಿದರು. ನನ್ನ ಕೈಯಲ್ಲಿ ಕಳಾವರ್ ಎಕ್ಕ, ಆಠೀನ್ ಹತ್ತು. ಇನ್ನು ಐದು ಬೀಜ ಹಾಕಿದರೆ ಹದಿನಾಲ್ಕರ ರಾಶಿಗೆ ಹಕ್ಕುದಾರನಾಗುತ್ತೇನೆ. ನೂರಕ್ಕೆ 36 ಸಲ ಗೆದ್ದರೂ ನಷ್ಟವಿಲ್ಲ. ಎಕ್ಕ ಕೈಯಲ್ಲಿರುವಾಗ ಅಷ್ಟೂ ಗೆಲ್ಲಲಾರೆನೆ? ಹಾಕಿದೆ. ಪಕ್ಕದ ಮನೆಯವರು ಎಲೆ ಚೆಲ್ಲಿದರು.

ಮೇಜಿಗೆ ಬಿದ್ದುವು ರಾಜ, ಎಂಟು, ನಾಲ್ಕು. ಕೂಡಿಬಂದದ್ದು ಏನೂ ಇಲ್ಲ. ಸರದಿ ದಾಟಿಸಿದೆ. ಮಿತ್ರರು ಅರೆಕ್ಷಣವೂ ತಡೆಯದೆ ಏಳು ಬೀಜಗಳನ್ನು ಮುಂದೆ ತಳ್ಳಿದರು. ರಾಜನ ಜೋಡಿಯಿದ್ದೀತೆಂಬ ಭಯ. ಈಗ ಏಳು ಕೊಟ್ಟರೆ ಮುಂದಿನ ಸುತ್ತಿಗೆ ಮತ್ತೆಷ್ಟು ಕೇಳುತ್ತಾರೋ ಎಂಬ ಭಯ. ಎಲೆ ಚೆಲ್ಲಿದೆ. ಅವರು ನಗುತ್ತ ತಮ್ಮ ಎಲೆಗಳನ್ನು ತಿರುಗಿಸಿದರು: ರಾಣಿ, ಗುಲಾಮ. ನನ್ನ ಎಕ್ಕವೇ ದೊಡ್ಡದಾಗಿತ್ತು!

“ಮೊದಲೇ ಹೆದರಿಕೊಂಡಿರಿ ರಾಯರೆ, ನಾನು ನೋಡಿದೆ. ಅಷ್ಟೇ,” ಎಂದರು.

ಅವರು ನೋಡಬಹುದಾದ ಕುರ್ಚಿಯಲ್ಲಿದ್ದರು, ನಾನು ಇರಲಿಲ್ಲ. ನೂರಕ್ಕೆ 36 ಎಂಬ ನನ್ನ ಲೆಕ್ಕ ತಪ್ಪಲ್ಲ. ಆದರೆ ಐದೆಲೆಗಳೂ ಬಿದ್ದು ಮುಗಿಯುವತನಕ ನಾನು ಆಟದಲ್ಲಿ ಉಳಿದರೆ ಮಾತ್ರ ಅದು ಸರಿ. ಮೊದಲು ನುಡಿಯುವವನನ್ನು ನಡುದಾರಿಯಲ್ಲಿಯೇ ಓಡಿಸುತ್ತಾರೆ. ಹಾಗಾಗಿ ಎಲೆಯಲ್ಲಿರುವ ಬಲವೆಲ್ಲ ಅವನ ಕೈಗೆ ದಕ್ಕುವುದಿಲ್ಲ. ಇದನ್ನು ತಿಳಿಯಲು ಇನ್ನೂ ಸುಲಭವಾದ ಸಂದರ್ಭ ಒಂದಿದೆ. ಎಲ್ಲರೂ ಎಲೆ ಚೆಲ್ಲಿ, ಚಿಕ್ಕ ಪಣದವನೂ ದೊಡ್ಡ ಪಣದವನೂ ಇಬ್ಬರೇ ಉಳಿದರೆನ್ನಿ. ಒಂದು ಬೀಜ ಹಾಕಿದರೆ ರಾಶಿ ನಾಲ್ಕಾಗುತ್ತದೆ. ನಾಲ್ಕು ಸಲಕ್ಕೆ ಒಂದು ಸಲ ಗೆದ್ದರೆ ಸಾಕು. ಎಲೆಗಳಲ್ಲೆಲ್ಲ ಅತಿ ದುರ್ಬಲವಾದ, ಬೇರೆ ಬೇರೆ ಜಾತಿಯ ಎರಡು ಮತ್ತು ಮೂರು ಕೂಡ ಅಪರಿಚಿತ ಕೈಯೊಂದರ ಎದುರು ಕೊನೆಯತನಕ ನಿಂತರೆ ನೂರಕ್ಕೆ 32 ಪಾಲು ಪಡೆಯುತ್ತದೆ. ಬರಿಯ ಗಣಿತದ ಪ್ರಕಾರ ಯಾವ ಎಲೆಯನ್ನೂ ಚೆಲ್ಲಬಾರದು! ಆದರೆ ಬಲ್ಲ ಆಟಗಾರರು ಇಂಥ ಕಸವನ್ನು ಮರುಮಾತಿಲ್ಲದೆ ಚೆಲ್ಲಿಬಿಡುತ್ತಾರೆ.

ಹಾಗಾದರೆ ಈ ಕುರ್ಚಿಯಲ್ಲಿ ಕುಳಿತವನು ಮಾಡಬೇಕಾದದ್ದೇನು? ಬಟನ್ನಿನವನು ಏರಿಸಿದಾಗ ಸುಮ್ಮನೆ ಸರಿಗಟ್ಟುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಎಂಬುದರಲ್ಲಿ ಅನುಭವಸ್ಥರಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಹಿಂದೆ ಇನ್ನೂ ದೊಡ್ಡ ಪಣದವನು ಕಾದು ಕುಳಿತಿದ್ದಾನೆ. ಅವನು ಅಗ್ಗದ ಬೆಲೆಗೆ ಒಳನುಗ್ಗಬಹುದು, ಇಲ್ಲವೆ ಏರಿಸಿ ಇಬ್ಬರನ್ನೂ ಹಿಂಡಬಹುದು. ಆದ್ದರಿಂದ ಬಹುಮಟ್ಟಿಗೆ ಎರಡೇ ದಾರಿ: ಎಲೆ ಚೆಲ್ಲು, ಇಲ್ಲವೆ ನೀನೇ ಮತ್ತೆ ಏರಿಸು. ಅದೂ ಅಂಜುತ್ತ ಏರಿಸಿದರೆ ಆಗದು. ಕಡೆಯಲ್ಲಿ ನುಡಿಯುವವನಿಗೆ ಎದುರಾಳಿಯ ಪಣದ ಮೂರು ಪಟ್ಟು ಸಾಕಾಗುವಲ್ಲಿ, ಮೊದಲು ನುಡಿಯುವವನು ನಾಲ್ಕು ಪಟ್ಟಿನವರೆಗೆ ಹೋಗುತ್ತಾನೆ. ಆರು ಬೀಜಕ್ಕೆ ಇಪ್ಪತ್ತನಾಲ್ಕು ಬೀಜ. ಇದರಿಂದ ದೊಡ್ಡ ಪಣದವನು ಹೆದರಿ ಎದ್ದಾನು. ಬಟನ್ನಿನವನಿಗೆ ಕುರ್ಚಿಯ ಸುಖಕ್ಕೆ ತಕ್ಕ ಬೆಲೆ ಬಿದ್ದೀತು. ರಾಶಿ ದೊಡ್ಡದಾದಷ್ಟೂ ಕೈಯಲ್ಲಿ ಉಳಿದ ಬಿಲ್ಲೆಗಳು ಕಡಮೆಯಾಗುವುದರಿಂದ ಮುಂದಿನ ಸುತ್ತುಗಳ ಆಟಾಟೋಪಕ್ಕೂ ಎಡೆ ಕುಗ್ಗುತ್ತದೆ.

ಎಂಥ ಎಲೆಯಲ್ಲಿ ಏರಿಸಬೇಕು? ದೊಡ್ಡ ಜೋಡಿಗಳು, ಎಕ್ಕ-ರಾಜ, ಇವು ಸರಿಯೆ. ಇವುಗಳೊಡನೆ ಒಂದೇ ಜಾತಿಯ ಎಕ್ಕ-ಐದರಂಥ ಸಾಮಾನ್ಯ ಎಲೆಗಳನ್ನೂ ಆಗಾಗ ಬೆರೆಸುವುದುಂಟು. ಎಕ್ಕವೊಂದು ನನ್ನ ಕೈಯಲ್ಲಿದ್ದರೆ ಎದುರಾಳಿಯ ಹತ್ತಿರ ಎಕ್ಕದ ಜೋಡಿಯಿರಬಹುದಾದ ಆರು ಬಗೆಗಳು ಮೂರಕ್ಕೆ ಇಳಿಯುತ್ತವೆ. ಬುರುಡೆ ಬಿಡುವವನಿಗೆ ಇದೊಂದು ಸಣ್ಣ ವಿಮೆ.

ಇಷ್ಟೆಲ್ಲ ಮಾಡಿದರೂ ಈ ಕುರ್ಚಿಯಿಂದ ಲಾಭ ಬರುತ್ತದೆಯೇ ಎಂದರೆ, ತುಂಬಿದ ಮೇಜಿನಲ್ಲಿ ಬಾರದು. ದೀರ್ಘಕಾಲದ ಲೆಕ್ಕ ತೆಗೆದರೆ ನುರಿತ ವೃತ್ತಿಗಾರರ ಖಾತೆಯಲ್ಲಿಯೂ ಚಿಕ್ಕ ಪಣದ ಪುಟ ನಷ್ಟವನ್ನೇ ತೋರಿಸುತ್ತದೆ. ಪ್ರತಿ ಸಲವೂ ಕಣ್ಣು ಮುಚ್ಚಿ ಎಲೆ ಚೆಲ್ಲಿದರೆ ನೂರು ಸಲಕ್ಕೆ ಐವತ್ತು ದೊಡ್ಡ ಪಣಗಳಷ್ಟು ಹೋಗುತ್ತದೆ. ಅದಕ್ಕಿಂತ ಕಡಮೆ ಕಳೆದುಕೊಂಡವನು ಜಾಣ. ಅದಕ್ಕಿಂತ ಹೆಚ್ಚು ಕಳೆದುಕೊಂಡವನು ಬೀಜ ನುಂಗಿಸಿದ ನನ್ನಂಥವನು. ಗೆಲ್ಲುವುದು ಬೇರೆ ಕುರ್ಚಿಗಳಲ್ಲಿ ಕುಳಿತಾಗ.

ಇದು ಅನುಭವಸ್ಥರ ಮಾತಾಯಿತು. ಈಚಿನ ವರ್ಷಗಳಲ್ಲಿ ಯಂತ್ರಗಳೂ ಈ ವಿಷಯದಲ್ಲಿ ಸಾಕ್ಷಿ ನುಡಿದಿವೆ. ಕೆನಡಾದ ಆಲ್ಬರ್ಟ ವಿಶ್ವವಿದ್ಯಾಲಯದ ಮೈಕೇಲ್ ಬೌಲಿಂಗ್ ಮತ್ತು ಅವರ ಸಂಗಡಿಗರು ಇಬ್ಬರೇ ಆಡುವ, ಪಣಕ್ಕೆ ಮಿತಿಯಿರುವ ಹೋಲ್ಡೆಮ್ ಆಟವನ್ನು ಸೆಫಿಯಸ್ ಎಂಬ ಗಣಕ ಕಾರ್ಯಕ್ರಮದಿಂದ ಹೆಚ್ಚು ಕಡಮೆ ಪೂರ್ತಿಯಾಗಿ ಬಿಡಿಸಿ, 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಆಟದಲ್ಲಿ ನಿಯಮ ಸ್ವಲ್ಪ ವಿಚಿತ್ರ: ಬಟನ್ನಿನವನೇ ಚಿಕ್ಕ ಪಣವನ್ನೂ ಕಟ್ಟುತ್ತಾನೆ, ಮೊದಲ ಸುತ್ತಿನಲ್ಲಿ ಮೊದಲು ನುಡಿದು, ಉಳಿದ ಮೂರರಲ್ಲಿ ಕಡೆಗೆ ನುಡಿಯುತ್ತಾನೆ. ಹೀಗೆ ಸರದಿ ತಿರುಗಿದೊಡನೆ ಫಲವೂ ತಿರುಗಿತು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಗೆಲ್ಲುವವನು ಬಟನ್ನಿನವನೇ, ಸಾವಿರ ಆಟಕ್ಕೆ ಸುಮಾರು 88ರಿಂದ 90 ದೊಡ್ಡ ಪಣಗಳಷ್ಟು. ಎಲೆ ಹಂಚುವಾಗ ವಿಧಿ ಇಬ್ಬರಿಗೂ ಸಮನೇ. ಈ ಅಂತರವೆಲ್ಲ ಸರದಿಯಿಂದಲೂ ಕುರುಡು ಪಣದಿಂದಲೂ ಬಂದದ್ದು.

ಮುಂದೆ 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುವೊಮಾಸ್ ಸ್ಯಾಂಡ್‌ಹೋಮ್, ಫೇಸ್‌ಬುಕ್ ಸಂಸ್ಥೆಯಲ್ಲಿದ್ದ ನೋಮ್ ಬ್ರೌನ್ ಇವರ ಪ್ಲುರಿಬಸ್ ಎಂಬ ಕಾರ್ಯಕ್ರಮ ಆರು ಜನರ ಮೇಜಿನಲ್ಲಿ ಐವರು ವೃತ್ತಿಗಾರರೊಡನೆ ಹನ್ನೆರಡು ದಿನ, ಹತ್ತು ಸಾವಿರ ಕೈಗಳನ್ನು ಆಡಿ ಗೆದ್ದಿತು. ತನ್ನೊಡನೆ ತಾನೇ ಆಡಿ ಆಟ ಕಲಿತ ಯಂತ್ರವದು. ಮನುಷ್ಯರ ಆಟವನ್ನು ನೋಡಿ ಕಲಿತದ್ದಲ್ಲ. ಮೊದಲ ಸುತ್ತಿನಲ್ಲಿ ಏರಿಸದೆ ದೊಡ್ಡ ಪಣವನ್ನು ಸರಿಗಟ್ಟಿ ಒಳಸೇರುವುದು ಯಾರಿಗೂ ಸಲ್ಲದು, ಆಗಲೇ ಅರ್ಧ ಕಟ್ಟಿರುವ ಚಿಕ್ಕ ಪಣದವನೊಬ್ಬನನ್ನು ಬಿಟ್ಟು, ಎಂಬ ಹಳಬರ ಮಾತನ್ನು ಅದು ತಾನಾಗಿ ಕಂಡುಕೊಂಡಿತು. ಆದರೆ ಇನ್ನೊಂದು ಮಾತನ್ನು ಒಪ್ಪಲಿಲ್ಲ. ಹಿಂದಿನ ಸುತ್ತಿನಲ್ಲಿ ಬರಿದೆ ಸರಿಗಟ್ಟಿದವನು ಮುಂದಿನ ಸುತ್ತಿನಲ್ಲಿ ಮೊದಲಿಗನಾಗಿ ಪಣ ಕಟ್ಟುವುದು ಕತ್ತೆಯ ಲಕ್ಷಣವೆಂದು ಆಟಗಾರರು ಹಾಸ್ಯ ಮಾಡುತ್ತಿದ್ದರು. ಯಂತ್ರವು ಈ ಕತ್ತೆಯ ಪಣವನ್ನು ವೃತ್ತಿಗಾರರಿಗಿಂತ ಹೆಚ್ಚು ಸಲ ಕಟ್ಟಿತು. ಮೊದಲು ನುಡಿಯುವವನು ಸದಾ ಮೌನವಾಗಿರಬೇಕಿಲ್ಲ ಎಂದಂತಾಯಿತು. ನನಗಂತೂ ಇದರಿಂದ ತುಸು ಸಮಾಧಾನ.

ಸರದಿಯ ಹಿಂಸೆಯನ್ನು ಲಕ್ಷಾಂತರ ಜನ ಕಣ್ಣಾರೆ ಕಂಡದ್ದು 2003ರಲ್ಲಿ. ಲಾಸ್ ವೇಗಸ್ಸಿನ ಬಿನಿಯನ್ಸ್ ಹಾರ್ಸ್‌ಶೂನಲ್ಲಿ 1970ರಿಂದ ನಡೆದುಬಂದಿದ್ದ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯ. ಪ್ರವೇಶಕ್ಕೆ 10,000 ಡಾಲರು, ಆಡಿದವರು 839 ಮಂದಿ, ಮೊದಲ ಬಹುಮಾನ 25 ಲಕ್ಷ ಡಾಲರು. ಕೊನೆಗೆ ಉಳಿದವರು ಇಬ್ಬರು. ಒಬ್ಬರು ಸ್ಯಾಮ್ ಫರ್ಹಾ: ಬೈರೂತಿನಲ್ಲಿ ಹುಟ್ಟಿದವರು, ಹಚ್ಚದ ಸಿಗರೇಟನ್ನು ತುಟಿಯಲ್ಲಿಟ್ಟು ಆಡುವ ವೃತ್ತಿಗಾರರು. ಇನ್ನೊಬ್ಬರು ಕ್ರಿಸ್ ಮನಿಮೇಕರ್: ಟೆನೆಸಿಯ ಲೆಕ್ಕಪತ್ರದ ಗುಮಾಸ್ತೆ, ವಯಸ್ಸು 27, ನೂರು ಡಾಲರಿಗೂ ಕಡಮೆ ಹಣ ಕಟ್ಟಿ ಅಂತರ್ಜಾಲದ ಪಂದ್ಯದಲ್ಲಿ ಗೆದ್ದು ಪ್ರವೇಶ ಗಿಟ್ಟಿಸಿಕೊಂಡವರು. ಹಣ ಮಾಡುವವನು ಎಂಬ ಅರ್ಥದ ಆ ಮನೆತನದ ಹೆಸರು ನಿಜವಾದುದೇ. ಕಥೆಗಾರನೊಬ್ಬ ಇಟ್ಟಿದ್ದರೆ ಅತಿಯಾಯಿತೆಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಆ ಒಂದು ಆಟದಲ್ಲಿ ಬಟನ್ ಮನಿಮೇಕರರ ಮುಂದಿತ್ತು. ಅವರ ಕೈಯಲ್ಲಿ ಇಸ್ಪೀಟ್ ರಾಜ, ಆಠೀನ್ ಏಳು. ಒಂದು ಲಕ್ಷ ಬಿಲ್ಲೆಗೆ ಏರಿಸಿದರು. ಇಸ್ಪೀಟ್ ರಾಣಿ, ಆಠೀನ್ ಒಂಬತ್ತು ಹಿಡಿದಿದ್ದ ಫರ್ಹಾ ಸರಿಗಟ್ಟಿದರು. ಮೇಜಿಗೆ ಬಿದ್ದುವು ಇಸ್ಪೀಟ್ ಒಂಬತ್ತು, ಡೈಮನ್ ಎರಡು, ಇಸ್ಪೀಟ್ ಆರು. ಫರ್ಹಾರಿಗೆ ಒಂಬತ್ತರ ಜೋಡಿ ಕೂಡಿತು. ಮೇಜಿನ ಎಲೆಗಳಲ್ಲಿ ಅದಕ್ಕೆ ಮೇಲಿನದಿಲ್ಲ. ಮೊದಲು ನುಡಿಯಬೇಕಾದ ಅವರು ಸರದಿ ದಾಟಿಸಿದರು, ಮನಿಮೇಕರರೂ ದಾಟಿಸಿದರು. ನಾಲ್ಕನೆಯದು ಇಸ್ಪೀಟ್ ಎಂಟು. ಈಗ ಫರ್ಹಾ ಮೂರು ಲಕ್ಷ ಕಟ್ಟಿದರು; ಮನಿಮೇಕರ್ ಎಂಟು ಲಕ್ಷಕ್ಕೆ ಏರಿಸಿದರು. ಅವರಿಗೆ ಇನ್ನೊಂದು ಇಸ್ಪೀಟ್ ಬಿದ್ದರೂ ಆಗಬಹುದು, ಐದೋ ಹತ್ತೋ ಬಿದ್ದರೂ ಆಗಬಹುದು. ಸದ್ಯಕ್ಕೆ ಕೈಯಲ್ಲಿ ಒಂದು ಜೋಡಿಯೂ ಇಲ್ಲ. ಫರ್ಹಾ ಸರಿಗಟ್ಟಿದರು. ಕೊನೆಯ ಎಲೆ ಆಠೀನ್ ಮೂರು. ಯಾರಿಗೂ ಬೇಡವಾದ ಎಲೆ.

ಮತ್ತೆ ಫರ್ಹಾರೇ ಮೊದಲು ನುಡಿಯಬೇಕು. ಗೆಲ್ಲುವ ಎಲೆ ಅವರಲ್ಲಿಯೇ ಇದೆ. ಆದರೆ ಕಟ್ಟಿದರೆ ಎದುರಾಳಿ ಏರಿಸಿಯಾನು, ಕಟ್ಟದಿದ್ದರೆ ಅಂಜಿಕೆ ಬಯಲಾದೀತು. ಸರದಿ ದಾಟಿಸಿದರು. ಮನಿಮೇಕರ್ ತಮ್ಮಲ್ಲಿದ್ದುದನ್ನೆಲ್ಲ ಪಣವೆಂದು ಸಾರಿ, ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಕುಳಿತರು. ನೀವು ಕಾದಿದ್ದ ಇಸ್ಪೀಟ್ ಬರಲಿಲ್ಲವೇನೋ ಎಂಬರ್ಥದ ಮಾತನ್ನು ಫರ್ಹಾ ಗಟ್ಟಿಯಾಗಿಯೇ ಆಡಿದರು; ಊಹೆ ನೂರಕ್ಕೆ ನೂರು ಸರಿಯಾಗಿತ್ತು. ಆದರೂ ಬಹಳ ಹೊತ್ತು ಯೋಚಿಸಿ ಎಲೆ ಚೆಲ್ಲಿದರು. ಒಂಬತ್ತರ ಜೋಡಿಯನ್ನು ಬರಿಯ ರಾಜನೊಬ್ಬ ಓಡಿಸಿದ ಈ ದೃಶ್ಯವನ್ನು, ಮೇಜಿನಂಚಿನಲ್ಲಿದ್ದ ಪುಟ್ಟ ಕ್ಯಾಮರಾಗಳ ಮೂಲಕ ಇಬ್ಬರ ಎಲೆಗಳನ್ನೂ ಕಾಣುತ್ತಿದ್ದ ದೂರದರ್ಶನದ ಪ್ರೇಕ್ಷಕರು ಉಸಿರು ಬಿಗಿಹಿಡಿದು ನೋಡಿದರು.

ಕೆಲವೇ ಹೊತ್ತಿನಲ್ಲಿ ಪಂದ್ಯ ಮುಗಿದು ಬಹುಮಾನ ಮನಿಮೇಕರರ ಪಾಲಾಯಿತು. ಮರುವರ್ಷ ಅದೇ ಪಂದ್ಯಕ್ಕೆ ಬಂದು ಕುಳಿತವರು 2,576 ಮಂದಿ. ಎರಡನೆಯ ಬಹುಮಾನವಾಗಿ 13 ಲಕ್ಷ ಡಾಲರು ಪಡೆದ ಫರ್ಹಾರಿಗೆ ಆ ಒಂಬತ್ತರ ಜೋಡಿಯ ಬಗ್ಗೆ ಜನ ಇಂದಿಗೂ ಪ್ರಶ್ನೆ ಕೇಳುತ್ತಲೇ ಇದ್ದಾರೆ.